ಒಂದೇ ರಕ್ತ, ಒಂದೇ ಕಿಟ್, ಬಿಡಿಎನ್‌ಎಫ್ ಮಾತ್ರ ಎರಡು ಥರ ಯಾಕೆ?

ಓದುಗರ ಪ್ರಶ್ನೆ: ಒಬ್ಬರದೇ ರಕ್ತವನ್ನು ಒಂದೇ ಹೊತ್ತಿಗೆ ಎರಡು ಟ್ಯೂಬ್‌ಗೆ ತೆಗೆದೆವು. ಒಂದೇ ಎಲೈಸಾ ಕಿಟ್‌ನಲ್ಲಿ (ಆಂಟಿಬಾಡಿ ಬಳಸಿ ಪ್ರೋಟೀನ್ ಅಳೆಯುವ ಕಿಟ್) ಬಿಡಿಎನ್‌ಎಫ್ ಎಂಬ ಪ್ರೋಟೀನ್ ಅಳೆದೆವು. ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಮಿಲಿಲೀಟರ್‌ಗೆ 24 ನ್ಯಾನೊಗ್ರಾಂ ಬಂತು. ಪ್ಲಾಸ್ಮಾದಲ್ಲಿ (ಹೆಪ್ಪುಗಟ್ಟದ ರಕ್ತದ ದ್ರವಭಾಗ) 1 ಕೂಡ ಇಲ್ಲ. ಕಿಟ್ ಕೆಟ್ಟಿದೆಯಾ? ಯಾವುದನ್ನು ನಂಬಬೇಕು?

ಕಿಟ್ ಕೆಟ್ಟಿದೆ ಅನ್ನಲು ಇಷ್ಟೇ ಸಾಲದು. ಎರಡು ಅಂಕಿಗಳೂ ಸರಿಯಿರಬಹುದು, ಆದರೆ ಎರಡೂ ಒಂದೇ ವಿಷಯ ಹೇಳುತ್ತಿಲ್ಲ. ಇಷ್ಟು ದೊಡ್ಡ ಅಂತರ ಸಾಮಾನ್ಯವಾಗಿ ರಕ್ತ ತೆಗೆದ ಟ್ಯೂಬ್‌ನಲ್ಲೇ ಹುಟ್ಟಿರುತ್ತದೆ.

ಬಿಡಿಎನ್‌ಎಫ್ (ಬ್ರೇನ್-ಡಿರೈವ್ಡ್ ನ್ಯೂರೊಟ್ರೋಫಿಕ್ ಫ್ಯಾಕ್ಟರ್) ನರಕೋಶಗಳು ಬದುಕಲು, ಬೆಳೆಯಲು ನೆರವಾಗುವ ಪ್ರೋಟೀನ್. 1982ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ಹಂದಿಯ ಮೆದುಳಿನಿಂದ. ಹೆಸರಿನಲ್ಲೇ ಮೆದುಳು ಇದೆ. ಹಾಗಾಗಿ ರಕ್ತದಲ್ಲಿ ಸಿಕ್ಕಿದ್ದೆಲ್ಲ ಮೆದುಳಿನಿಂದಲೇ ಬಂದದ್ದು ಅಂದುಕೊಳ್ಳುವವರು ಜಾಸ್ತಿ. ನಿಜಕ್ಕೂ ಮನುಷ್ಯರ ರಕ್ತದಲ್ಲಿ ಅದರ ಬಹುಪಾಲು ಇರುವುದು ಪ್ಲೇಟ್‌ಲೆಟ್‌ಗಳ (ರಕ್ತ ಹೆಪ್ಪುಗಟ್ಟಲು ನೆರವಾಗುವ ಪುಟ್ಟ ಕಣಗಳ) ಒಳಗೆ. ಪ್ಲೇಟ್‌ಲೆಟ್‌ಗಳನ್ನು ಹುಟ್ಟಿಸುವ ಮೂಳೆಮಜ್ಜೆಯ ಕೋಶಗಳೂ ಈ ಪ್ರೋಟೀನ್ ತಯಾರಿಸುತ್ತವೆ.

ಈಗ ಸೀರಂ ಹೇಗೆ ಮಾಡುತ್ತೀರಿ ನೋಡಿ. ಟ್ಯೂಬ್ ಅನ್ನು ಅರ್ಧ ಗಂಟೆಯೋ ಒಂದು ಗಂಟೆಯೋ ಸುಮ್ನೆ ಇಟ್ಟು ರಕ್ತ ಹೆಪ್ಪುಗಟ್ಟಲು ಬಿಡುತ್ತೀರಿ. ಆ ಹೊತ್ತಿನಲ್ಲಿ ಪ್ಲೇಟ್‌ಲೆಟ್‌ಗಳು ಕೆರಳಿ, ಒಳಗಿದ್ದ ಬಿಡಿಎನ್‌ಎಫ್ ಅನ್ನು ಹೊರಗೆ ಸುರಿಯುತ್ತವೆ. ನಿಮ್ಮ 24ರಲ್ಲಿ ಹೆಚ್ಚಿನ ಪಾಲು ಹೀಗೆ ಸುರಿದದ್ದೇ. ಪ್ಲಾಸ್ಮಾದ ಟ್ಯೂಬ್‌ನಲ್ಲಿ ಇಡಿಟಿಎ ಅಥವಾ ಸಿಟ್ರೇಟ್ ಇರುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ಅಲ್ಲಿ ನೀವು ಅಳೆದದ್ದು ಹೊರಗೆ ಸುಮ್ಮನೆ ಹರಿದಾಡುತ್ತಿದ್ದ ಸ್ವಲ್ಪವನ್ನು. ಹಾಗಾಗಿ ಸೀರಂ ಅಂಕಿ ಪ್ಲೇಟ್‌ಲೆಟ್‌ಗಳ ಉಗ್ರಾಣದ ಲೆಕ್ಕ. ಪ್ಲೇಟ್‌ಲೆಟ್ ಬದುಕುವುದು ಸುಮಾರು 8ರಿಂದ 10 ದಿನ. ಆ ಉಗ್ರಾಣವನ್ನು ನೋಡಿ ಮೆದುಳಿನಲ್ಲಿ ಇವತ್ತು ಏನಾಗುತ್ತಿದೆ ಎಂದು ಹೇಳಹೊರಡುವುದು ತಪ್ಪು. ಈ ತಪ್ಪು ಆಗಾಗ ಕಣ್ಣಿಗೆ ಬೀಳುತ್ತದೆ, ನನಗೆ ಅದು ನಿಜಕ್ಕೂ ಬೇಸರದ ವಿಷಯ.

ಹಾಗಾದರೆ ಎಲೈಸಾದ ಪಾತ್ರ ಏನು? ಕಿಟ್‌ನ ಪ್ಲೇಟ್‌ನಲ್ಲಿರುವ ಒಂದೊಂದು ವೆಲ್‌ನ (ಪುಟ್ಟ ಗುಳಿಯ) ತಳದಲ್ಲೂ ಬಿಡಿಎನ್‌ಎಫ್ ಅನ್ನು ಹಿಡಿಯುವ ಆಂಟಿಬಾಡಿ ಅಂಟಿಕೊಂಡಿರುತ್ತದೆ. ಸ್ಯಾಂಪಲ್ ಹಾಕಿದರೆ ಅದು ತನ್ನ ಪ್ರೋಟೀನ್ ಅನ್ನು ಹಿಡಿದುಕೊಳ್ಳುತ್ತದೆ, ಉಳಿದದ್ದು ತೊಳೆದು ಹೋಗುತ್ತದೆ. ಮೇಲಿಂದ ಎರಡನೇ ಆಂಟಿಬಾಡಿ, ಅದಕ್ಕೆ ಜೋಡಿಸಿದ ಕಿಣ್ವ. ಕೊನೆಗೆ ಆ ಕಿಣ್ವದಿಂದ ಬಣ್ಣ ಪಡೆಯುವ ಟಿಎಂಬಿ ದ್ರಾವಣ ಹಾಕಿದಾಗ ನೋಡಬೇಕು: ನೀರಿನಂತಿದ್ದ ವೆಲ್ ಕೆಲವೇ ನಿಮಿಷದಲ್ಲಿ ತಿಳಿನೀಲಿಗೆ ತಿರುಗಿ, ನಿಧಾನಕ್ಕೆ ಗಾಢವಾಗುತ್ತದೆ. ಆಮ್ಲ ಹಾಕಿದ ಕೂಡಲೇ ಹಳದಿ. ಆ ಹಳದಿಯನ್ನು ಯಂತ್ರ 450 ನ್ಯಾನೊಮೀಟರ್‌ನಲ್ಲಿ ಓದುತ್ತದೆ. ಈ ಪ್ರೋಟೀನ್ ಎಲ್ಲಿಂದ ಬಂತು ಅಂತ ಆಂಟಿಬಾಡಿಗೆ ಗೊತ್ತಾಗುವುದಿಲ್ಲ. ಮೆದುಳಿನದೋ ಪ್ಲೇಟ್‌ಲೆಟ್‌ನದೋ, ಅದಕ್ಕೆ ಎಲ್ಲ ಒಂದೇ.

ಇನ್ನೊಂದು ತೊಡಕೂ ಇದೆ. ಬಿಡಿಎನ್‌ಎಫ್ ಮೊದಲು ಸುಮಾರು 32 ಕಿಲೊಡಾಲ್ಟನ್ (ಅಣುವಿನ ತೂಕದ ಅಳತೆ) ಪ್ರೊಬಿಡಿಎನ್‌ಎಫ್ ಆಗಿ ತಯಾರಾಗುತ್ತದೆ, ಆಮೇಲೆ ತುಂಡಾಗಿ ಸುಮಾರು 14ರ ಪಕ್ವ ರೂಪಕ್ಕೆ ಬರುತ್ತದೆ. ಇವೆರಡರ ಕೆಲಸ ಬೇರೆ ಬೇರೆ, ಕೆಲವೊಮ್ಮೆ ಒಂದಕ್ಕೊಂದು ವಿರುದ್ಧ. ಕೆಲವು ಕಿಟ್‌ಗಳ ಆಂಟಿಬಾಡಿ ಎರಡನ್ನೂ ಹಿಡಿಯುತ್ತದೆ. ನಿಮ್ಮ ಕಿಟ್ ಯಾವುದನ್ನು ಹಿಡಿಯುತ್ತದೆ ಅಂತ ಅದರ ಜೊತೆ ಬಂದ ಹಾಳೆಯಲ್ಲಿ ನೋಡಿಕೊಳ್ಳಿ. ಬೇರೆ ಕಿಟ್‌ನ ಅಂಕಿಯ ಪಕ್ಕ ನಿಮ್ಮದನ್ನು ನೇರವಾಗಿ ಇಟ್ಟು ಹೋಲಿಸಬೇಡಿ.

ಸೀರಂ ಸ್ಯಾಂಪಲ್ ಅನ್ನು ಎಷ್ಟು ತೆಳುಮಾಡಿದಿರಿ ಎಂಬುದೂ ಮುಖ್ಯ. ತೆಳುಮಾಡದಿದ್ದರೆ ಬಣ್ಣ ಸ್ಟ್ಯಾಂಡರ್ಡ್ ಕರ್ವ್‌ನ (ಗೊತ್ತಿರುವ ಪ್ರಮಾಣಗಳಿಂದ ಬರೆದ, ಬಣ್ಣವನ್ನು ಅಂಕಿಗೆ ತಿರುಗಿಸುವ ಗೆರೆಯ) ತುದಿ ದಾಟಿ ಹೋಗುತ್ತದೆ, ಅಲ್ಲಿ ಕರ್ವ್ ಚಪ್ಪಟೆ, ಲೆಕ್ಕ ನಂಬುವ ಹಾಗಿಲ್ಲ. ಒಂದೇ ಸ್ಯಾಂಪಲ್ ಅನ್ನು 20 ಪಟ್ಟು, 40 ಪಟ್ಟು, 80 ಪಟ್ಟು ತೆಳುಮಾಡಿ ಓಡಿಸಿ. ವಾಪಸ್ ಗುಣಿಸಿದಾಗ ಮೂರೂ ಹತ್ತಿರ ಹತ್ತಿರ ಬಂದರೆ ಧೈರ್ಯವಾಗಿ ಮುಂದುವರಿಯಬಹುದು.

ಯಾವುದನ್ನು ಅಳೆಯಬೇಕು ಎಂಬುದು ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ. ಸೀರಂ ಆದರೆ ಎಲ್ಲ ಸ್ಯಾಂಪಲ್‌ಗೂ ಹೆಪ್ಪುಗಟ್ಟುವ ಸಮಯ, ಉಷ್ಣತೆ ಒಂದೇ ಇರಲಿ. ಒಬ್ಬರದು 30 ನಿಮಿಷ, ಇನ್ನೊಬ್ಬರದು 2 ಗಂಟೆ ಇಟ್ಟರೆ ನೀವು ಅಳೆಯುವುದು ಗಡಿಯಾರವನ್ನು ಅಷ್ಟೇ. ಪ್ಲಾಸ್ಮಾ ಆದರೆ ಪ್ಲೇಟ್‌ಲೆಟ್ ಉಳಿಯದ ಹಾಗೆ ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ. ಮೊದಲ ಸಲದ ನಂತರ ಕೆಂಪು ಕಣಗಳ ಮೇಲೆ ತೆಳ್ಳಗೆ ಬಿಳಿ ಪದರ ಕಾಣುತ್ತದೆ, ಅಲ್ವಾ? ಪಿಪೆಟ್ ತುದಿ ಅದಕ್ಕೆ ತಾಕಬಾರದು, ಆ ಪದರದ ಮೇಲಿನ ಸ್ವಲ್ಪ ಪ್ಲಾಸ್ಮಾ ಹೋದರೂ ಹೋಗಲಿ, ಬಿಟ್ಟುಬಿಡಿ. ಎರಡನೇ ಸುತ್ತು ಫ್ರೀಜರ್‌ಗೆ ಇಡುವ ಮೊದಲೇ ಮುಗಿಯಬೇಕು. ಫ್ರೀಜ್ ಮಾಡಿ ಕರಗಿಸಿದರೆ ಉಳಿದ ಪ್ಲೇಟ್‌ಲೆಟ್‌ಗಳು ಒಡೆದು ಬಿಡಿಎನ್‌ಎಫ್ ಬೆರೆತುಹೋಗುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಅದು ಬೇರೆಯಾಗುವುದಿಲ್ಲ.