ಎದೆಯ ಗಡ್ಡೆಗೆ ಹೆಸರು ಸಿಗುವವರೆಗೆ

ನನ್ನ ಅಕ್ಕನ ಮಗಳ ಫೈಲಿನಲ್ಲಿ ಮೂರು ಚೀಟಿಗಳಿವೆ. ಮೊದಲನೆಯದರಲ್ಲಿ ‘ಟಿಬಿ ಇರಬಹುದು’ ಎಂದಿದೆ. ಎರಡನೆಯದರಲ್ಲಿ ‘ಹಾಡ್ಜ್‌ಕಿನ್ ಲಿಂಫೋಮಾ ಇರಬಹುದು, ಇನ್ನೂ ದೊಡ್ಡ ತುಂಡು ಬೇಕು’ ಎಂದಿದೆ. ಮೂರನೆಯದರಲ್ಲಿ ‘ಪ್ರೈಮರಿ ಮೀಡಿಯಾಸ್ಟೈನಲ್ ಲಾರ್ಜ್ ಬಿ ಸೆಲ್ ಲಿಂಫೋಮಾ’. ಲಿಂಫೋಮಾ ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳಿಂದ ಹುಟ್ಟುವ ಕ್ಯಾನ್ಸರ್. ಮೂರೂ ಅವಳ ಎದೆಯ ಒಂದೇ ಗಡ್ಡೆಗೆ ಕೊಟ್ಟ ಹೆಸರು. ಮೊದಲ ಚೀಟಿಯಿಂದ ಕೊನೆಯ ಚೀಟಿಗೆ ಬರುವಷ್ಟರಲ್ಲಿ ಹನ್ನೊಂದು ವಾರ ಕಳೆದಿತ್ತು.

ಅವಳು ಈಗ ಚೆನ್ನಾಗಿದ್ದಾಳೆ, ಶಾಲೆಗೆ ಪಾಠ ಮಾಡಲು ಹೋಗುತ್ತಾಳೆ. ಆದರೆ ಆ ಫೈಲು ಹಿಡಿದು ಓಡಾಡಿದವನು ನಾನು. ಹಾಗಾಗಿ ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಯಾರ ಮನೆಯಲ್ಲಾದರೂ ‘ಲಿಂಫೋಮಾ’ ಎಂಬ ಮಾತು ಬಿದ್ದರೆ ನನಗೆ ಫೋನ್ ಬರುತ್ತದೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಅಣ್ಣ, ಒಬ್ಬೊಬ್ಬ ಡಾಕ್ಟ್ರು ಒಂದೊಂದು ಹೆಸರು ಹೇಳೋದು ಯಾಕೆ?’ ಡಾಕ್ಟರಿಗೆ ಗೊತ್ತಿಲ್ಲ ಎಂದುಕೊಂಡು ಬೇರೆ ಕಡೆ ಓಡುವವರಿದ್ದಾರೆ. ಅಲ್ಲಿ ಮತ್ತೆ ಮೊದಲಿನಿಂದ ಶುರು. ಈ ಹೆಸರುಗಳ ಗೊಂದಲ ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎದೆಯ ಮೂಳೆಯ ಹಿಂದೆ, ಎರಡು ಶ್ವಾಸಕೋಶಗಳ ನಡುವೆ ಒಂದು ಜಾಗ ಇದೆ. ಹೃದಯ, ಶ್ವಾಸನಾಳ, ಅನ್ನನಾಳ, ದೊಡ್ಡ ರಕ್ತನಾಳಗಳು ಎಲ್ಲ ಇರುವುದು ಅಲ್ಲೇ. ಅಲ್ಲೇ ಮುಂಭಾಗದಲ್ಲಿ ಥೈಮಸ್ ಎಂಬ ಗ್ರಂಥಿಯೂ ಇದೆ. ಮಕ್ಕಳಲ್ಲಿ ದೊಡ್ಡದು, ವಯಸ್ಸಾದಂತೆ ಕುಗ್ಗುತ್ತದೆ. ಆ ಥೈಮಸ್‌ನಲ್ಲಿರುವ ಬಿ ಕಣ ಎಂಬ ಬಿಳಿ ರಕ್ತಕಣಗಳಿಂದ ಮೂರನೇ ಚೀಟಿಯ ಈ ಕ್ಯಾನ್ಸರ್ ಹುಟ್ಟುತ್ತದೆ. ಅಪರೂಪದ ಕಾಯಿಲೆ. ನಾನ್-ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ಹಾಡ್ಜ್‌ಕಿನ್ ಅಲ್ಲದ ಬಗೆ, ಬಂದ 100 ಜನರಲ್ಲಿ 2ರಿಂದ 4 ಜನರಿಗೆ ಇದು ಇರುತ್ತದೆ. ಹೆಚ್ಚಾಗಿ ಬರುವುದು 30, 35ರ ಆಸುಪಾಸಿನಲ್ಲಿ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಇಂಥದ್ದೇ ಕಾರಣ ಎಂದು ಯಾವುದನ್ನೂ ಗುರುತಿಸಿಲ್ಲ.

ಗಡ್ಡೆ ಬೇಗ ಬೆಳೆಯುತ್ತದೆ. ಎಷ್ಟೋ ಜನರಲ್ಲಿ ಗೊತ್ತಾಗುವಾಗಲೇ 10 ಸೆಂಟಿಮೀಟರ್ ದಾಟಿರುತ್ತದೆ. ತಲೆ, ಕೈಗಳಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ಅಭಿಧಮನಿಯನ್ನು ಅದು ಒತ್ತುತ್ತದೆ. ಆಗ ಬೆಳಿಗ್ಗೆ ಎದ್ದಾಗ ಮುಖ ಊದಿಕೊಂಡಿರುತ್ತದೆ. ಕುತ್ತಿಗೆಯ ನರ ಉಬ್ಬುತ್ತದೆ. ಒಣ ಕೆಮ್ಮು ಬರುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ನಮ್ಮ ಹುಡುಗಿ ಒಂದು ತಿಂಗಳು ಮೂರು ದಿಂಬು ಇಟ್ಟುಕೊಂಡು ಮಲಗಿದ್ದಳು. ನಾವು ಗ್ಯಾಸ್ ಎಂದುಕೊಂಡೆವು.

ಕೆಮ್ಮು ಎರಡು ವಾರ ದಾಟಿದರೆ ನಮ್ಮ ದೇಶದಲ್ಲಿ ಮೊದಲು ನೋಡಬೇಕಾದದ್ದು ಟಿಬಿಯನ್ನೇ. ಅದರಲ್ಲಿ ತಪ್ಪಿಲ್ಲ, ನೋಡಲೇಬೇಕು. ಕಷ್ಟ ಶುರುವಾಗುವುದು ಕಫದಲ್ಲಿ ಏನೂ ಸಿಗದಿದ್ದಾಗ. ಎಕ್ಸ್‌ರೇಯಲ್ಲಿ ನಡುಭಾಗ ಅಗಲವಾಗಿ ಕಾಣುತ್ತದೆ, ಜ್ವರ ಇದೆ, ತೂಕ ಇಳಿದಿದೆ. ಟಿಬಿ ಮಾತ್ರೆ ಶುರುವಾಗುತ್ತದೆ. ‘ಒಂದು ತಿಂಗಳು ನೋಡುವ’ ಎನ್ನುತ್ತಾರೆ. ಈ ಗಡ್ಡೆಗೆ ಒಂದು ತಿಂಗಳು ಅಂದರೆ ಸಣ್ಣ ಕಾಲವಲ್ಲ.

ಟಿಬಿಗೂ ಲಿಂಫೋಮಾಕ್ಕೂ ನಡುವಿನ ಈ ಗೊಂದಲ ನೂರು ವರ್ಷಕ್ಕಿಂತ ಹಳೆಯದು. 1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಗ್ರಂಥಿಗಳು ಊದುವ ಒಂದು ಕಾಯಿಲೆಯನ್ನು ಬರೆದಿಟ್ಟರು. 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್ ಸೂಕ್ಷ್ಮದರ್ಶಕದಲ್ಲಿ ಅದರ ದೊಡ್ಡ ಕಣಗಳನ್ನು ಕಂಡರು. ಆದರೆ ಅದನ್ನು ಟಿಬಿಯದ್ದೇ ಒಂದು ಬಗೆ ಎಂದುಕೊಂಡರು. 1902ರಲ್ಲಿ ಡೊರೊತಿ ರೀಡ್ ಎಂಬ ವೈದ್ಯೆ, ಇದು ಟಿಬಿಯಲ್ಲ, ಬೇರೆಯೇ ಕಾಯಿಲೆ ಎಂದು ಹೇಳಿದರು. ಆ ಕಣಕ್ಕೆ ಇವತ್ತಿಗೂ ಇಬ್ಬರ ಹೆಸರೂ ಇದೆ.

ಮುಂದಿನ ಏಳೆಂಟು ದಶಕ ಲಿಂಫೋಮಾಗಳನ್ನು ವಿಂಗಡಿಸಿದ್ದು ಕಣ್ಣಳತೆಯಿಂದ: ಕಣ ದೊಡ್ಡದೋ ಸಣ್ಣದೋ, ಗುಂಪಾಗಿದೆಯೋ ಹರಡಿದೆಯೋ. 1971ರಲ್ಲಿ ಸಿಟಿ ಸ್ಕ್ಯಾನ್ ಬಂತು, ಎದೆಯ ಒಳಗಿನ ಗಡ್ಡೆ ಎಲ್ಲಿದೆ, ಎಷ್ಟಿದೆ ಎಂದು ಕಾಣುವ ದಾರಿ ತೆರೆಯಿತು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ತಯಾರಿಸುವ ವಿಧಾನ ಕಂಡುಹಿಡಿದರು. ಅಲ್ಲಿಂದ ಆಟ ಬದಲಾಯಿತು. ಕಣದ ಮೈಮೇಲೆ ಯಾವ ಗುರುತು ಇದೆ ಎಂದು ಈ ಪ್ರತಿಕಾಯಗಳನ್ನು ಅಂಟಿಸಿ, ಬಣ್ಣ ಹಾಕಿ ನೋಡಬಹುದಾಯಿತು. ಸಿಡಿ20, ಸಿಡಿ30 ಎಂದು ವರದಿಯಲ್ಲಿ ಸಾಲು ಸಾಲಾಗಿ ಬರುತ್ತದಲ್ಲ, ಅವೇ ಆ ಗುರುತುಗಳು.

1980ರ ದಶಕದಲ್ಲಿ ವೈದ್ಯರು ಒಂದು ವಿಷಯ ಗಮನಿಸಿದರು. ಹರೆಯದ ಹೆಂಗಸರಲ್ಲಿ, ಎದೆಯ ನಡುವೆ ಮಾತ್ರ, ನಾರು ತುಂಬಿದ ದೊಡ್ಡ ಗಡ್ಡೆ. ಉಳಿದ ಲಿಂಫೋಮಾದ ಹಾಗೆ ಅದು ನಡೆದುಕೊಳ್ಳುತ್ತಿರಲಿಲ್ಲ. 1994ರ ವಿಂಗಡಣೆಯಲ್ಲಿ ಇದಕ್ಕೆ ಸ್ವಂತ ಜಾಗ ಸಿಕ್ಕಿತು, 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಗೂ ಸೇರಿತು. ನಮ್ಮ ಎರಡನೇ ಚೀಟಿಯ ಗೊಂದಲಕ್ಕೆ ಉತ್ತರ ಸಿಕ್ಕಿದ್ದು 2003ರಲ್ಲಿ. ಎರಡು ತಂಡಗಳು ಈ ಗಡ್ಡೆಯ ಜೀನ್‌ಗಳನ್ನು ನೋಡಿದವು. ಹೆಸರಿನಲ್ಲಿ ಇದು ದೊಡ್ಡ ಬಿ ಕಣದ ಲಿಂಫೋಮಾ. ಆದರೆ ಒಳಗೆ ಹಾಡ್ಜ್‌ಕಿನ್‌ಗೆ ಹತ್ತಿರದ ಸಂಬಂಧಿ! ಬೇರೆ ದೊಡ್ಡ ಬಿ ಕಣದ ಲಿಂಫೋಮಾಗಳಿಗಿಂತ ಇದರಲ್ಲಿ ಹೆಚ್ಚು ಕೆಲಸ ಮಾಡುವ ಜೀನ್‌ಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಾಡ್ಜ್‌ಕಿನ್ ಕಣಗಳಲ್ಲೂ ಹಾಗೆಯೇ ಕಂಡವು. ಎರಡರ ನಡುವೆ ನಿಲ್ಲುವ ಗಡ್ಡೆಗಳೂ ಇವೆ, 2008ರಲ್ಲಿ ಅವುಗಳಿಗೇ ಒಂದು ಗುಂಪು ಮಾಡಬೇಕಾಯಿತು. ಅಂದರೆ ಎರಡನೇ ಚೀಟಿ ಬರೆದವರು ಸುಮ್ನೆ ಊಹೆ ಮಾಡಿದ್ದಲ್ಲ. ಕೈಯಲ್ಲಿದ್ದ ಚೂರಿನಲ್ಲಿ ಅದಕ್ಕಿಂತ ಜಾಸ್ತಿ ಹೇಳಲು ಆಗುತ್ತಿರಲಿಲ್ಲ.

ಇನ್ನು ನಾನು ಹತ್ತಿರದಿಂದ ನೋಡಿದ್ದು. ಎಲ್ಲವೂ ನಿಂತಿರುವುದು ಆ ಚೂರಿನ ಮೇಲೆ.

ತೆಳು ಸೂಜಿ ಚುಚ್ಚಿ ಎಳೆದರೆ ಬರುವುದು ಬಿಡಿ ಕಣಗಳು ಮಾತ್ರ. ಈ ಗಡ್ಡೆಯಲ್ಲಿ ನಾರು ಜಾಸ್ತಿ, ಹಾಗಾಗಿ ಕಣಗಳು ಸರಿಯಾಗಿ ಬರುವುದಿಲ್ಲ. ಬಂದರೂ ಜಜ್ಜಿ ಹೋಗಿರುತ್ತವೆ. ಕಣಗಳು ಹೇಗೆ ಜೋಡಿಸಿಕೊಂಡಿವೆ ಎಂಬುದು ಕಾಣುವುದೇ ಇಲ್ಲ. ಅದಕ್ಕೆ ದಪ್ಪ ಸೂಜಿಯಲ್ಲಿ ನಾಲ್ಕಾರು ಉದ್ದ ಚೂರು ತೆಗೆಯಬೇಕು. ಅದೂ ಸಾಲದಿದ್ದರೆ ಎದೆಮೂಳೆಯ ಪಕ್ಕದಲ್ಲಿ ಸಣ್ಣದಾಗಿ ಕೊಯ್ದು ತುಂಡು ತೆಗೆಯಬೇಕು. ಕುತ್ತಿಗೆಯಲ್ಲಿ ಗಂಟು ಇದ್ದರೆ ಅದನ್ನೇ ತೆಗೆಯುವುದು ಸುಲಭ. ಗಡ್ಡೆ ಶ್ವಾಸನಾಳವನ್ನು ಒತ್ತುತ್ತಿದ್ದರೆ ಪೂರ್ತಿ ಅರಿವಳಿಕೆ ಕೊಡಲು ವೈದ್ಯರು ಹಿಂಜರಿಯುತ್ತಾರೆ, ಅದು ಸರಿಯಾದ ಹೆದರಿಕೆಯೇ.

ನಮ್ಮಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ದಮ್ಮು ಜಾಸ್ತಿಯಾದಾಗ ಒಂದು ಕಡೆ ಸ್ಟೀರಾಯ್ಡ್ ಕೊಟ್ಟರು. ಎರಡೇ ದಿನದಲ್ಲಿ ಮುಖದ ಊತ ಇಳಿಯಿತು, ಹುಡುಗಿ ಮಲಗಿ ನಿದ್ದೆ ಮಾಡಿದಳು. ಅಕ್ಕ ದೇವರಿಗೆ ಕೈ ಮುಗಿದಳು. ಆದರೆ ಲಿಂಫೋಮಾದ ಕಣಗಳು ಸ್ಟೀರಾಯ್ಡ್‌ಗೆ ಸಾಯುತ್ತವೆ, ಪೂರ್ತಿ ಅಲ್ಲ, ಸ್ವಲ್ಪ ದಿನಕ್ಕೆ. ಆಮೇಲೆ ತೆಗೆದ ಚೂರಿನಲ್ಲಿ ಸತ್ತ ಕಣಗಳು, ನಾರು, ಅಷ್ಟೇ. ಹೆಸರು ಹೇಳಲು ಬೇಕಾದದ್ದೇ ಅಲ್ಲಿರುವುದಿಲ್ಲ. ಉಸಿರು ನಿಲ್ಲುವ ಹಾಗಿದ್ದರೆ ಬೇರೆ ದಾರಿ ಇರಲಿಕ್ಕಿಲ್ಲ. ಆದರೆ ಒಂದು ದಿನ ಕಾಯಬಹುದು ಎಂದಾದರೆ ಮೊದಲು ತುಂಡು, ಆಮೇಲೆ ಮದ್ದು. ಈ ಮಾತನ್ನು ಆ ದಿನ ಯಾರಾದರೂ ನಮಗೆ ಹೇಳಿದ್ದರೆ ಎಂದು ಈಗಲೂ ಅನಿಸುತ್ತದೆ.

ಹೆಸರು ಬದಲಾದರೆ ಮದ್ದೂ ಬದಲಾಗುತ್ತದೆ. ಟಿಬಿಗೆ ತಿಂಗಳುಗಟ್ಟಲೆ ಮಾತ್ರೆ. ಹಾಡ್ಜ್‌ಕಿನ್‌ಗೆ ಬೇರೆ ಕೀಮೋ. ಇದಕ್ಕೆ ಸಿಡಿ20ಗೆ ಅಂಟುವ ರಿಟುಕ್ಸಿಮ್ಯಾಬ್ ಎಂಬ ಪ್ರತಿಕಾಯದ ಮದ್ದು, ಜೊತೆಗೆ ಕೀಮೋ. ನಾಲ್ಕು ದಿನ ಬಿಡದೆ ಹನಿಸುವ ಒಂದು ಕ್ರಮದ ಬಗ್ಗೆ 2013ರಲ್ಲಿ ಅಮೆರಿಕದಿಂದ ವರದಿ ಬಂತು. 51 ರೋಗಿಗಳಲ್ಲಿ ಶೇ. 93ರಷ್ಟು ಜನರಿಗೆ ಐದು ವರ್ಷವಾದರೂ ಕಾಯಿಲೆ ಮರಳಿರಲಿಲ್ಲ. ಹೆಚ್ಚಿನವರಿಗೆ ವಿಕಿರಣವೂ ಬೇಕಾಗಲಿಲ್ಲ. ಕೀಮೋ ಮುಗಿದ ಮೇಲೆ, ಚುರುಕಾಗಿರುವ ಗಡ್ಡೆಯನ್ನು ತೋರಿಸುವ ಪೆಟ್ ಸ್ಕ್ಯಾನ್ ಸ್ವಚ್ಛವಾಗಿದ್ದರೆ ವಿಕಿರಣ ಬಿಡಬಹುದು ಎಂದು 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೂ ಹೇಳಿತು. ಸಿಟಿಯಲ್ಲಿ ಒಂದು ಮುದ್ದೆ ಉಳಿದಂತೆ ಕಂಡರೂ ಅದು ಬರೀ ಗಾಯದ ನಾರು ಆಗಿರಬಹುದು. ಇಷ್ಟು ಚೆನ್ನಾಗಿ ಗುಣವಾಗುವ ಕಾಯಿಲೆಯಲ್ಲಿ ಹೆಸರಿಗಾಗಿ ಹನ್ನೊಂದು ವಾರ ಹೋಗುವುದು ನೋವಿನ ಸಂಗತಿ.

ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದಾಗ ಕಾಸರಗೋಡು, ಮಂಗಳೂರು ಎರಡೂ ಒಂದೇ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ಕ್ಕೆ ನಡುವೆ ರಾಜ್ಯದ ಗೆರೆ ಬಿತ್ತು, ಕಾಸರಗೋಡು ಕೇರಳಕ್ಕೆ ಸೇರಿತು. ಕಾಸರಗೋಡು ಪೇಟೆಯಿಂದ ಬಡಗಕ್ಕೆ ಮಂಗಳೂರು ಸುಮಾರು 50 ಕಿಲೋಮೀಟರ್. ತೆಂಕಕ್ಕೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ 100 ದಾಟುತ್ತದೆ. ತಿರುವನಂತಪುರದ ಕ್ಯಾನ್ಸರ್ ಆಸ್ಪತ್ರೆ 550ಕ್ಕೂ ಮೇಲೆ. ಹತ್ತಿರದ್ದು ಬೇರೆ ರಾಜ್ಯ, ನಮ್ಮ ರಾಜ್ಯದ್ದು ದೂರ. ಸ್ಕ್ಯಾನ್ ಒಂದು ಕಡೆ, ಬಯಾಪ್ಸಿ ಇನ್ನೊಂದು ಕಡೆ, ಸಹಾಯಧನದ ಅರ್ಜಿ ಮಲಯಾಳದಲ್ಲಿ. ಮನೆಯಲ್ಲಿ ಕನ್ನಡ ಮಾತ್ರ ಓದಲು ಬರುವ ಅಮ್ಮಂದಿರು. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಈಚೆ ಉಳಿದರು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರಸ್ತೆ ತೆರೆಯಿತು. ಕಾಗದಗಳು ಮಾತ್ರ ಇವತ್ತಿಗೂ ಅಲ್ಲೊಂದು ಇಲ್ಲೊಂದು ಆಗಿಯೇ ಇರುತ್ತವೆ.

ಎರಡನೇ ಸಲ ತುಂಡು ತೆಗೆದ ದಿನ ನನ್ನ ಕೈಗೆ ಎರಡು ಬಾಟ್ಲಿ ಕೊಟ್ಟರು. ಒಂದರಲ್ಲಿ ಫಾರ್ಮಲಿನ್, ಅದು ಲಿಂಫೋಮಾ ನೋಡಲು. ಇನ್ನೊಂದರಲ್ಲಿ ಸಲೈನ್, ಅದು ಟಿಬಿ ಪರೀಕ್ಷೆಗೆ. ಎಲ್ಲವನ್ನೂ ಸಲೈನಿನಲ್ಲೇ ಹಾಕಿದರೆ ದಾರಿಯಲ್ಲೇ ಕಣಗಳು ಕೆಡುತ್ತವೆ. ಎಲ್ಲವನ್ನೂ ಫಾರ್ಮಲಿನ್‌ನಲ್ಲಿ ಹಾಕಿದರೆ ಟಿಬಿಯ ರೋಗಾಣು ಬೆಳೆಸಿ ನೋಡಲು ಆಗುವುದಿಲ್ಲ. ಬಸ್ಸಿನಲ್ಲಿ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಟಿಬಿ ಇಲ್ಲ ಎಂದು ಮೊದಲು ಗೊತ್ತಾಯಿತು. ಒಂಬತ್ತನೇ ದಿನ ಇನ್ನೊಂದು ವರದಿ ಬಂತು: ಸಿಡಿ20 ಗಟ್ಟಿಯಾಗಿ ಇದೆ, ಸಿಡಿ23 ಇದೆ, ಸಿಡಿ30 ಅಲ್ಲಲ್ಲಿ ತೆಳುವಾಗಿ, ಸಿಡಿ15 ಇಲ್ಲ. ಮೂರನೇ ಚೀಟಿಯ ಹೆಸರು ಸಿಕ್ಕಿದ್ದು ಇದರಿಂದಲೇ.

ಆ ತುಂಡನ್ನು ಕೂರಿಸಿದ ಮೇಣದ ಬ್ಲಾಕನ್ನು ನಾವು ಕೇಳಿ ಪಡೆದುಕೊಂಡೆವು. ಕೇಳಿದರೆ ಕೊಡುತ್ತಾರೆ, ಸಹಿ ಹಾಕಬೇಕು ಅಷ್ಟೆ. ಕೀಮೋ ಶುರು ಮಾಡುವ ಮೊದಲು ಬೇರೊಂದು ಆಸ್ಪತ್ರೆಯವರು ತಾವೇ ಒಮ್ಮೆ ನೋಡಬೇಕು ಎಂದಾಗ ಅದನ್ನೇ ಕೊಟ್ಟೆವು. ಹುಡುಗಿಗೆ ಮೂರನೇ ಸಲ ಚುಚ್ಚುವ ಕೆಲಸ ಬರಲಿಲ್ಲ. ಈಗ ಅದು ಅಕ್ಕನ ಕಪಾಟಿನಲ್ಲಿ, ಸೆಕೆ ತಾಗದ ಕೆಳಗಿನ ಅರೆಯಲ್ಲಿ, ಸ್ಟೀಲ್ ಡಬ್ಬಿಯಲ್ಲಿದೆ.