ಪಪೈರಸ್ 413ರ ರಾಜ ಆಡಿದ್ದು ಯಾವ ಭಾಷೆ?

ಉಡುಪಿ ಕಡೆ ಊರಿನ ಹಳೆಯ ಚರಿತ್ರೆಯ ಮಾತು ಬಂದರೆ ಯಾರಾದರೊಬ್ಬರು ಇದನ್ನು ಎತ್ತಿಯೇ ಎತ್ತುತ್ತಾರೆ: ಈಜಿಪ್ಟಿನ ಮರಳಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆ, ನಮ್ಮ ಮಲ್ಪೆಯ ಹೆಸರೂ ಇದೆ. ಪಕ್ಕದಲ್ಲಿ ಕೂತ ಇನ್ನೊಬ್ಬರು, ಅದು ಕನ್ನಡವಲ್ಲ, ತುಳು ಎನ್ನುತ್ತಾರೆ. ಚರ್ಚೆ ಅಲ್ಲಿಂದ ಮುಂದಕ್ಕೆ ಹೋಗುವುದು ಕಡಿಮೆ, ಏಕೆಂದರೆ ಆ ಹಾಳೆಯಲ್ಲಿ ಅಕ್ಷರಶಃ ಏನಿದೆ ಎಂಬುದು ಹೆಚ್ಚಿನವರ ಕಣ್ಣಿಗೆ ಬಿದ್ದಿಲ್ಲ.

ಹಾಳೆಯಂತೂ ನಿಜ. ಕೈರೋದಿಂದ ಸುಮಾರು 160 ಕಿಲೋಮೀಟರ್ ದಕ್ಷಿಣಕ್ಕೆ ಆಕ್ಸಿರಿಂಕಸ್ ಎಂಬ ಪಟ್ಟಣವಿತ್ತು. ಅಲ್ಲಿನ ಜನ ಊರಾಚೆ ಕಸ ಸುರಿಯುತ್ತಿದ್ದ ದಿಬ್ಬಗಳನ್ನು ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ 1896ರ ಚಳಿಗಾಲದಿಂದ ಅಗೆಯತೊಡಗಿದರು. ತೆರಿಗೆ ರಸೀದಿ, ಸಾಲಪತ್ರ, ಮನೆಗೆ ಬರೆದ ಓಲೆ, ಕಾವ್ಯದ ತುಂಡು ಎಲ್ಲವೂ ಬುಟ್ಟಿಗಟ್ಟಲೆ ಸಿಕ್ಕವು. ಮಳೆಯೇ ಬಾರದ ನೆಲದಲ್ಲಿ ಪಪೈರಸ್, ಅಂದರೆ ಜೊಂಡಿನಿಂದ ಮಾಡಿದ ಬರಹದ ಹಾಳೆ, ಎರಡು ಸಾವಿರ ವರ್ಷ ಉಳಿಯುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ತಾಳೆಗರಿಯನ್ನು ಮತ್ತೆ ಮತ್ತೆ ಪ್ರತಿ ಮಾಡದಿದ್ದರೆ ಕೆಲವು ತಲೆಮಾರಿನಲ್ಲೇ ಹುಳ ಮತ್ತು ಬೂಸಲು ಮುಗಿಸಿಬಿಡುತ್ತವೆ. ನಮ್ಮ ನಾಡಿನ ಮಾತಿನ ಅತಿ ಹಳೆಯ ದಾಖಲೆ ಇದ್ದರೆ ಅದು ನಮ್ಮ ನಾಡಿನ ಹೊರಗೇ ಸಿಗಬಹುದೆಂಬ ಆಸೆ ಹುಟ್ಟುವುದು ಇದರಿಂದಲೇ. ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಹಾಳೆಗಳನ್ನು ಅಚ್ಚು ಹಾಕಿದ ಸಂಪುಟಗಳಲ್ಲಿ, 1903ರಲ್ಲಿ ಪ್ರಕಟವಾದ ಮೂರನೆಯದರಲ್ಲಿ ಈ ಪ್ರಹಸನಕ್ಕೆ 413 ಎಂಬ ಸಂಖ್ಯೆ ಬಿತ್ತು. ಕೈಬರಹ ಕ್ರಿ.ಶ. 2ನೇ ಶತಮಾನದ್ದು.

ಕಥೆ ಸರಳ. ಖಾರಿತಿಯೋನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ರಾಜನ ಕೈಗೆ ಸಿಕ್ಕಿದ್ದಾಳೆ, ಚಂದ್ರದೇವತೆಯ ಗುಡಿಯಲ್ಲಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬರುತ್ತಾನೆ, ಜೊತೆಗೊಬ್ಬ ವಿದೂಷಕ. ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅಮಲೇರಿದ ರಾಜನನ್ನು ಕಟ್ಟಿಹಾಕಿ, ಹುಡುಗಿಯನ್ನು ಬಿಡಿಸಿಕೊಂಡು ಹಡಗು ಹತ್ತುತ್ತಾರೆ. ವಿದೂಷಕನ ಆಯುಧ ಅವನ ಹೂಸು. ಅದರ ಸದ್ದಿಗೂ ಹಾಳೆಯಲ್ಲಿ ರಂಗಸೂಚನೆ ಇದೆ. ಯಕ್ಷಗಾನ ಪ್ರಸಂಗದ ಪ್ರತಿಯಲ್ಲಿ ಪದ್ಯದ ನೆತ್ತಿಗೆ ರಾಗ, ತಾಳ ಬರೆದಿಡುವಂತೆ ಇಲ್ಲೂ ಚರ್ಮವಾದ್ಯ ಎಲ್ಲಿ ಬಡಿಯಬೇಕೆಂಬ ಗುರುತುಗಳಿವೆ. ಅಂದರೆ ಇದು ಓದುವವರ ಪುಸ್ತಕವಲ್ಲ, ಮೇಳದವರ ಕೈಯಲ್ಲಿದ್ದ ಪ್ರತಿ.

ರಾಜ, ಅವನ ಜನ, ಬೇಟೆಯಿಂದ ಮರಳುವ ಹೆಂಗಸರು ತಮ್ಮದೇ ಭಾಷೆಯಲ್ಲಿ ಮಾತಾಡುತ್ತಾರೆ. ಅದು ಗ್ರೀಕ್ ಅಲ್ಲ. ಮದರಾಸು ಸರ್ಕಾರದ ಶಾಸನತಜ್ಞನಾಗಿದ್ದು ಆಗಷ್ಟೇ ಜರ್ಮನಿಗೆ ಮರಳಿದ್ದ ಯೂಜೆನ್ ಹುಲ್ಷ್ 1904ರಲ್ಲಿ ಇದನ್ನು ಕನ್ನಡವೆಂದ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಅದನ್ನು ಒಪ್ಪಿದರು. 1926ರಲ್ಲಿ ಲಂಡನ್ನಿನ ಲಯನೆಲ್ ಬಾರ್ನೆಟ್ ಒಪ್ಪಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಕನ್ನಡದ ಪರ ನಿಂತರು. ಬಹಳ ತಡವಾಗಿ, 20ನೇ ಶತಮಾನದ ಕೊನೆಗೆ, ತುಳುವಿನ ವಾದ ಬಲವಾಯಿತು. ಯಾರು ಯಾವ ಪಕ್ಷವೆಂಬುದಕ್ಕಿಂತ ಆ ಸಾಲುಗಳನ್ನೇ ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ತೊಡಕು, ಗ್ರೀಕ್ ಹಸ್ತಪ್ರತಿಯಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಎಲ್ಲಿ ಕತ್ತರಿಸಬೇಕೆಂಬುದು ಓದುವವನ ಪಾಲಿಗೆ. ಇದು ಎಷ್ಟು ಅಪಾಯದ ಕೆಲಸವೆಂದು ತಿಳಿಯಲು 'ಆನೆಲ್ಲಿ' ಎಂದು ಬರೆದು ನೋಡಿ. ಆನೆ ಎಲ್ಲಿ ಎಂದು ಒಬ್ಬರು ಓದುತ್ತಾರೆ, ಆ ನೆಲ್ಲಿ ಎಂದು ಇನ್ನೊಬ್ಬರು. ಹಳಗನ್ನಡ ಬಲ್ಲವರಿಗೆ, ಹವ್ಯಕರಿಗೆ ಅದು 'ನಾನೆಲ್ಲಿ' ಎಂಬ ಪ್ರಶ್ನೆ. ನಮ್ಮದೇ ಭಾಷೆಯ ಮೂರಕ್ಷರಕ್ಕೆ ಈ ಪಾಡು. ಎರಡನೆಯದು ಲಿಪಿಯದು. ಗ್ರೀಕರಿಗೆ ಟ-ತ, ಡ-ದ, ಳ-ಲ ಭೇದವಿಲ್ಲ, ಚಕಾರವಿಲ್ಲ, ಅ ಮತ್ತು ಆ ಎರಡಕ್ಕೂ ಒಂದೇ ಅಕ್ಷರ. ಮೂರನೆಯದು ಪ್ರತಿಕಾರನದು. ಗ್ರೀಕ್ ಸಾಲಿನಲ್ಲಿ ತಪ್ಪಾದರೆ ಅವನಿಗೇ ಗೊತ್ತಾಗುತ್ತದೆ, ಅರ್ಥವಾಗದ ಸಾಲಿನಲ್ಲಿ ಆದ ತಪ್ಪು ಪ್ರತಿಯಿಂದ ಪ್ರತಿಗೆ ಬೆಳೆಯುತ್ತಲೇ ಹೋಗುತ್ತದೆ.

ಈಗ ಕುಡಿತದ ದೃಶ್ಯದ ಒಂದು ಸಾಲು. ಹಾಳೆಯಲ್ಲಿರುವುದು ಹೆಚ್ಚುಕಡಿಮೆ ಹೀಗೆ: 'ಬೆರೆಕೊನ್ಜಿದಮುನ್‌ಪೆತ್ರೆಕಿಯೊಪಕ್ತಿ'. ಇದನ್ನು 'ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ' ಎಂದು ಓದಿದರು. ಮೊದಲ ಸಲ ನೋಡಿದಾಗ ಮೈ ಜುಮ್ಮೆನ್ನುತ್ತದೆ. ಚಕಾರವಿಲ್ಲದ ಗ್ರೀಕ್ ಕಿವಿಗೆ ಕೊಂಚ 'ಕೊನ್ಜಿ'ಯಾಗಿ ಕೇಳಿಸುವುದು ಸಹಜ. 'ಪೆತ್ರೆಕಿಯೊ' ಎಂಬ ತುಂಡು ಮುಂದಿನ ಪದಗಳಲ್ಲಿ ಇನ್ನೊಮ್ಮೆ ಬರುತ್ತದೆ. ಕುಡಿತದ ಹೊತ್ತಿನಲ್ಲಿ ಪಾತ್ರೆಯ ಮಾತು ಎರಡು ಸಲ ಬಂದರೆ ಆಶ್ಚರ್ಯವಿಲ್ಲ. 'ಹಾಕಿ'ಯ ಜಾಗದಲ್ಲಿ ಪಕಾರ ಇರುವುದನ್ನು ಕೆಲವರು ದೋಷವೆನ್ನುತ್ತಾರೆ. ಆ ಆಕ್ಷೇಪ ತಪ್ಪು. ಇಂದಿನ ಹಾಲು, ಹಾವು, ಹೂವುಗಳು ಹಳಗನ್ನಡದಲ್ಲಿ ಪಾಲ್, ಪಾವು, ಪೂ. ಪಕಾರ ಹಕಾರವಾಗತೊಡಗಿದ್ದು 10ನೇ ಶತಮಾನದ ಆಚೀಚೆಯಿಂದ. 2ನೇ ಶತಮಾನದ ಹಾಳೆಯಲ್ಲಿ 'ಹಾಕಿ' ಎಂದೇ ಇದ್ದಿದ್ದರೆ ಅನುಮಾನ ಪಡಬೇಕಿತ್ತು.

ಇನ್ನೊಂದು ಸಾಲು: 'ಪಾನೂಂಬ್ರೇತಿಕತೆಮಾನೂವಂಬ್ರೇತೂವೆನಿ'. ಓದಿದ್ದು: 'ಪಾನಂ ಬೇರೆತ್ತಿ ಕಟ್ಟಿ ಮಧುವಂ ಬೇರೆತ್ತುವೆನಿ'. ಬಟ್ಟಲನ್ನು ಬೇರೆ ಎತ್ತಿ, ಮುಚ್ಚಿ, ಮದ್ಯವನ್ನು ಬೇರೆ ತೆಗೆದುಕೊಳ್ಳುತ್ತೇನೆ ಎಂದರ್ಥ. ಇದರ ನಿಜವಾದ ಬಲ ಇರುವುದು ವ್ಯಾಕರಣದಲ್ಲಿ. ಎರಡು ಕಡೆ ದ್ವಿತೀಯಾ ವಿಭಕ್ತಿಯ 'ಅಂ', ಒಂದೇ ಧಾತುವಿನ ಎರಡು ರೂಪ, ಒಮ್ಮೆ 'ಎತ್ತಿ', ಒಮ್ಮೆ 'ಎತ್ತುವೆನ್', ಕ್ರಿಯಾಪದ ಕೊನೆಗೆ. ಬಾಯಿಗೆ ಬಂದಂತೆ ಜೋಡಿಸಿದ ಅಕ್ಷರಗಳಲ್ಲಿ ಇಷ್ಟು ಕಟ್ಟು ತಾನಾಗಿ ಕೂಡಿಬರುವುದು ಅಪರೂಪ. ಲಿಪಿಕಾರ ಬಕಾರಕ್ಕೆ ಬೀಟಾ ಅಕ್ಷರವನ್ನೂ ವಕಾರಕ್ಕೆ ಊಕಾರದ ಜೋಡಿ ಅಕ್ಷರವನ್ನೂ ಬೇರೆ ಬೇರೆಯಾಗಿ ಬಳಸಿದ್ದಾನೆ ಎಂಬುದನ್ನೂ ಗಮನಿಸಬೇಕು.

ಆದರೆ ಎರಡು ಸಾಲನ್ನೂ ಒಟ್ಟಿಗಿಟ್ಟರೆ ಬಿರುಕು ಕಾಣುತ್ತದೆ. ಒಂದರಲ್ಲಿ ಮಧು ಎಂದು ಓದಿದ ಜಾಗದಲ್ಲಿರುವುದು 'ದಮುನ್', ಇನ್ನೊಂದರಲ್ಲಿ 'ಮಾನೂವಂ'. ಮೊದಲನೆಯದರಲ್ಲಿ ಮ-ದ ಅದಲು ಬದಲಾಗಿವೆ ಎನ್ನಬೇಕು, ಎರಡನೆಯದರಲ್ಲಿ ದಕಾರ ನಕಾರವಾಗಿದೆ ಎನ್ನಬೇಕು. ಗ್ರೀಕಿನಲ್ಲಿ ದಕಾರಕ್ಕೆ ಅಕ್ಷರವಿಲ್ಲದಿದ್ದರೆ ಸರಿ, ಆದರೆ ಇದೆ. ಒಂದೇ ಪದಕ್ಕೆ ಎರಡು ಕಡೆ ಎರಡು ಬೇರೆ ಬೇರೆ ರಿಯಾಯಿತಿ ಕೊಟ್ಟರೆ ಆ ಪದ ಅಲ್ಲಿದೆ ಎಂದು ನಾವು ಕಂಡುಹಿಡಿದಂತಾಗುವುದಿಲ್ಲ, ನಾವೇ ತಂದಿಟ್ಟಂತಾಗುತ್ತದೆ.

ಇನ್ನು ಮಲ್ಪೆ. ಮತ್ತೊಂದು ಸಾಲಿನಲ್ಲಿ 'ಮಲ್ಪಿನಿಯಕುರು' ಎಂಬಂತಹ ಅಕ್ಷರಸರಣಿ ಇದೆ. 'ಮಲ್ಪೆ ನಾಯಕ' ಎಂಬ ಓದು ಹುಟ್ಟಿದ್ದು ಇಲ್ಲಿ. ಅದನ್ನೇ ತುಳು ಬಲ್ಲವರ ಮುಂದಿಡಿ, 'ಮಲ್ಪುನಿ', ಅಂದರೆ ಮಾಡುವುದು, ಎಂಬ ದಿನಬಳಕೆಯ ಮಾತು ತಟ್ಟನೆ ಕಿವಿಗೆ ಬೀಳುತ್ತದೆ. ಮೇಲಿನ ಪಾತ್ರೆಯ ಸಾಲು ಮುಂದುವರಿಯುವಲ್ಲಿ 'ದೆಪೊಮೆನ್ಜಿ' ಎಂದಿದೆ. ಎತ್ತು, ತೆಗೆ ಎನ್ನುವ ಅರ್ಥದ ತುಳುವಿನ 'ದೆಪ್ಪುನಿ' ನೆನಪಾಗದಿರದು. ಸಂದರ್ಭಕ್ಕೂ ಹೊಂದುತ್ತದೆ! ಆದರೆ ಅದೇ ಸಾಲಿನ 'ಬೆರೆ'ಗೆ ಇಂದಿನ ತುಳು 'ಬೇತೆ', 'ಕೊಂಚ'ಕ್ಕೆ 'ಒಂತೆ'. ಒಂದೇ ಉಸಿರಿನ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತುಳು. ಉಡುಪಿಯ ರಥಬೀದಿಯಲ್ಲಿ ಇವತ್ತು ಅಂಥ ಮಾತು ಕೇಳಿಸಬಹುದು ನಿಜ, ಆದರೆ ಎರಡು ಭಾಷೆಯ ಪದಕೋಶ, ಅದರ ಮೇಲೆ ಅಕ್ಷರ ತಿದ್ದುವ ಸ್ವಾತಂತ್ರ್ಯ, ಬೇಕಾದಲ್ಲಿ ಕತ್ತರಿಸುವ ಅವಕಾಶ ಕೈಯಲ್ಲಿದ್ದರೆ ಯಾವ ಅಕ್ಷರಸರಣಿಯಿಂದಲೂ ಪರಿಚಿತ ಪದ ಹೊರಬರುತ್ತದೆ. ದ್ರಾವಿಡ ಧಾತುಗಳು ಹೆಚ್ಚಾಗಿ ಒಂದು ವ್ಯಂಜನ, ಒಂದು ಸ್ವರ, ಇನ್ನೊಂದು ವ್ಯಂಜನದಷ್ಟು ಗಿಡ್ಡವಾದ್ದರಿಂದ ಆಕಸ್ಮಿಕ ಹೋಲಿಕೆ ಇನ್ನಷ್ಟು ಸುಲಭ. ಅದಕ್ಕೇ ಮಲ್ಪೆಯನ್ನು ಸದ್ಯಕ್ಕೆ ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಕುಡಿತದ ಸಾಲುಗಳನ್ನು ಮಾತ್ರ ಬಿಡಬಾರದು.

ನಾಟಕದ ಕಡಲು ನಮ್ಮದೇ ಇರಬಹುದೇ? ದಾರಿಯಂತೂ ಇತ್ತು. ಜುಲೈ ಸುಮಾರಿಗೆ ಈಜಿಪ್ಟಿನ ಕೆಂಪು ಸಮುದ್ರದ ಬಂದರು ಬಿಟ್ಟ ಹಡಗುಗಳು ನೈಋತ್ಯ ಮಾರುತ ಹಿಡಿದು ಮಳೆ ಇಳಿಯುವ ಹೊತ್ತಿಗೆ ನಮ್ಮ ಪಶ್ಚಿಮ ತೀರ ಮುಟ್ಟುತ್ತಿದ್ದವು, ಡಿಸೆಂಬರ್-ಜನವರಿಯಲ್ಲಿ ಈಶಾನ್ಯದ ಗಾಳಿಗೆ ಮರಳುತ್ತಿದ್ದವು. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ, ಕೇರಳ ತೀರದ ಮುಜಿರಿಸ್ ಬಂದರಿನ ಹತ್ತಿರ ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ, ಇಳಿಯುವುದು ಕ್ಷೇಮವಲ್ಲ ಎಂದು ಬರೆದಿದ್ದಾನೆ. ನಿತ್ರಿಯಾಸ್ ಅನ್ನು ನೇತ್ರಾವತಿಯ ಬಾಯಿಗೆ, ಅಂದರೆ ಮಂಗಳೂರಿಗೆ, ಜೋಡಿಸಿದವರಿದ್ದಾರೆ. ಹಡಗು ದೋಚುವ ತೀರ, ಸೆರೆಸಿಕ್ಕ ಗ್ರೀಕ್ ಹೆಣ್ಣು: ಕಥೆ ಹುಟ್ಟಲು ಅಷ್ಟು ಸಾಕು. ಈ ತೀರದಲ್ಲಿ ದ್ರಾಕ್ಷಾರಸ ಮಾರಾಟಕ್ಕಿಲ್ಲ, ಸಿಕ್ಕರೆ ಅನುಭವವಿಲ್ಲದೆ ನೀರು ಬೆರೆಸದೆಯೇ ಕುಡಿಯುತ್ತಾರೆ ಎಂದು ನಾಟಕದ ಗ್ರೀಕನೊಬ್ಬ ಹೇಳುತ್ತಾನೆ. ದ್ರಾಕ್ಷಿ ಬೆಳೆಯದ, ತಾಳೆ-ತೆಂಗಿನ ಕಳ್ಳಿನ ಕರಾವಳಿಗೆ ಇದು ಒಪ್ಪುವ ಮಾತು. ಆದರೆ ಕೊಂಕಣದಿಂದ ಕೇರಳದವರೆಗೂ ಅಷ್ಟೇ ಒಪ್ಪುತ್ತದೆ.

ಇದನ್ನು ಪರೀಕ್ಷಿಸಲು ದೊಡ್ಡ ಯಂತ್ರ ಬೇಡ, ಶಿಸ್ತು ಬೇಕು. ಸಾಲು ನೋಡುವ ಮೊದಲೇ ಅಕ್ಷರಗಳ ಪಟ್ಟಿ ಬರೆದು ಮುಗಿಸಬೇಕು: ಗ್ರೀಕಿನ ಈ ಅಕ್ಷರಕ್ಕೆ ನಮ್ಮ ಇಷ್ಟೇ ಧ್ವನಿಗಳು. ಆಮೇಲೆ ಅದನ್ನು ಮುಟ್ಟುವಂತಿಲ್ಲ. ಪದಗಳನ್ನು ಇಂದಿನ ನಿಘಂಟಿನಿಂದಲ್ಲ, ಹಲ್ಮಿಡಿಯಿಂದ, ಅಂದರೆ ಸುಮಾರು ಕ್ರಿ.ಶ. 450ರಿಂದ, ಪಂಪನ ಕಾಲದವರೆಗಿನ ಶಾಸನಗಳಿಂದ ಆರಿಸಬೇಕು. ತುಳುವಿಗೆ ಅಷ್ಟು ಹಳೆಯ ಬರಹವಿಲ್ಲ. ಆದರೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಸಿದ್ಧವಾದ ಆರು ಸಂಪುಟಗಳ ತುಳು ನಿಘಂಟಿನಲ್ಲಿ ಸೊಪ್ಪು ಎಂಬ ಅರ್ಥದ ತಪ್ಪು-ಸಪ್ಪು-ಚಪ್ಪು ಎಂಬಂಥ ಪ್ರಾದೇಶಿಕ ರೂಪಗಳೆಲ್ಲ ಇರುವುದರಿಂದ ಹಳೆಯ ರೂಪವನ್ನು ಹಿಂದಕ್ಕೆ ಲೆಕ್ಕ ಹಾಕಬಹುದು. ಕೊನೆಯದು ಎಲ್ಲಕ್ಕಿಂತ ಮುಖ್ಯ. ರಾಜನ ಸಾಲುಗಳನ್ನು ಹಿಂದುಮುಂದಾಗಿಸಿ ಬರೆದ ಪ್ರತಿಗಳನ್ನು ಅಸಲಿನ ಜೊತೆ ಬೆರೆಸಿ, ಯಾವುದು ಯಾವುದೆಂದು ಹೇಳದೆ, ಭಾಷೆ ಬಲ್ಲ ಹತ್ತು ಜನರಿಗೆ ಕೊಡಬೇಕು; ತಮಿಳು, ಪ್ರಾಕೃತ ಬಲ್ಲವರಿಗೂ ಕೊಡಬೇಕು. ತಲೆಕೆಳಗಾದ ಸಾಲಿನಲ್ಲೂ ಅಷ್ಟೇ ಪದ ಸಿಕ್ಕರೆ ಅಸಲಿನಲ್ಲಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲ.

ಇಷ್ಟರ ನಡುವೆ ಎಲ್ಲರೂ ಬೇಗ ದಾಟಿಬಿಡುವ ಒಂದು ಪದವಿದೆ. ರಾಜ 'ಬ್ರಥಿಸ್' ಎನ್ನುತ್ತಾನೆ, ಅವನ ಜನರೂ ಹಾಗೆಯೇ ಕೂಗುತ್ತಾರೆ. ಏನು ಹೇಳುತ್ತಿದ್ದಾರೆ ಎಂದು ವಿದೂಷಕ ಕೇಳುತ್ತಾನೆ. ಭಾಷೆ ಬಲ್ಲ ಇನ್ನೊಬ್ಬ ಗ್ರೀಕ್ ಪಾತ್ರಧಾರಿ ಉತ್ತರಿಸುತ್ತಾನೆ: 'ಪಾಲು ಹಂಚಿಕೊಳ್ಳಲು ಚೀಟಿ ಎತ್ತೋಣ ಅನ್ನುತ್ತಿದ್ದಾರೆ.' ಇಲ್ಲಿ ನಾವು ಅರ್ಥ ಊಹಿಸಬೇಕಿಲ್ಲ, ಹಾಳೆಯೇ ಹೇಳಿದೆ. ಆ ಅರ್ಥಕ್ಕೂ ಆ ಸದ್ದಿಗೂ ಒಟ್ಟಿಗೆ ಹೊಂದುವ, ಎಲ್ಲರೂ ಒಪ್ಪುವ ಪದ ಕನ್ನಡದಲ್ಲೂ ತುಳುವಿನಲ್ಲೂ ಇನ್ನೂ ಸಿಕ್ಕಿಲ್ಲ.