ಜರ್ಮನಿಯಲ್ಲಿ ನಮ್ಮೂರಿನ ಲೈಸೆನ್ಸ್ ಎಷ್ಟು ದಿನ ನಡೆಯುತ್ತದೆ?

ಪ್ರಶ್ನೆ: ಕೆಲಸದ ಮೇಲೆ ಬೆಂಗಳೂರಿನಿಂದ ಮ್ಯೂನಿಕ್‌ಗೆ ಬಂದು ಐದು ತಿಂಗಳಾಯಿತು. ಊರಿನಲ್ಲಿ ಹಲವು ವರ್ಷ ಕಾರು ಓಡಿಸಿದ್ದೇನೆ. ಹೊರಡುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಒಂದು ವರ್ಷದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡಿದ್ದೆ. ಅದರ ಅವಧಿ ಮುಗಿಯುವವರೆಗೆ ಇಲ್ಲಿ ಓಡಿಸಬಹುದಲ್ಲವೇ? ಆಮೇಲೆ ಇಲ್ಲಿನ ಲೈಸೆನ್ಸ್ ಬೇಕೆಂದರೆ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕೇ?

ಉತ್ತರ: ಪರ್ಮಿಟ್ ಮುಗಿಯುವವರೆಗೆ ಓಡಿಸುವಂತಿಲ್ಲ. ನಿಮಗೆ ಉಳಿದಿರುವುದು ಒಂದೇ ತಿಂಗಳು. ಜರ್ಮನಿಯಲ್ಲಿ ನೆಲೆಸಲು ಬಂದ ಭಾರತೀಯರು ತಮ್ಮ ಲೈಸೆನ್ಸ್ ಮೇಲೆ ಆರು ತಿಂಗಳು ಮಾತ್ರ ವಾಹನ ಓಡಿಸಬಹುದು. ಈ ಲೆಕ್ಕ ಶುರುವಾಗುವುದು ನೀವು ಇಲ್ಲಿ ವಾಸ ಹೂಡಿದ ದಿನದಿಂದ. ಪರ್ಮಿಟ್ ಮೇಲೆ ಅಚ್ಚಾಗಿರುವ ಒಂದು ವರ್ಷಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಲೈಸೆನ್ಸಿನಲ್ಲಿ ಏನಿದೆ ಎಂಬುದನ್ನು ಬೇರೆ ಭಾಷೆಗಳಲ್ಲಿ ತಿಳಿಸುವ ಪತ್ರ ಅದು. ತಾನಾಗಿ ಯಾವ ಹಕ್ಕನ್ನೂ ಕೊಡುವುದಿಲ್ಲ. ನಡುವೆ ರಜೆಗೆ ಊರಿಗೆ ಹೋಗಿ ಬಂದರೆ ಆರು ತಿಂಗಳು ಹೊಸದಾಗಿ ಶುರುವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲಿನ ವಾಸ ಒಂದು ವರ್ಷ ಮೀರುವುದಿಲ್ಲ ಎಂದು ದಾಖಲೆ ತೋರಿಸುವವರಿಗೆ ಮಾತ್ರ ಅರ್ಜಿಯ ಮೇಲೆ ಇನ್ನು ಆರು ತಿಂಗಳವರೆಗೆ ವಿಸ್ತರಣೆ ಸಿಗಬಹುದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅವಧಿ ಮುಗಿದ ಮೇಲೆ ಓಡಿಸಿದರೆ ಅದು ದಂಡ ಕಟ್ಟಿ ಕೈತೊಳೆದುಕೊಳ್ಳುವ ಸಂಚಾರ ಉಲ್ಲಂಘನೆಯಲ್ಲ. ಲೈಸೆನ್ಸ್ ಇಲ್ಲದೆ ವಾಹನ ಓಡಿಸುವುದು ಇಲ್ಲಿ ಅಪರಾಧ. ಕಾನೂನು ಒಂದು ವರ್ಷದವರೆಗಿನ ಜೈಲಿಗೂ ಅವಕಾಶ ಕೊಟ್ಟಿದೆ. ಗೊತ್ತಿದ್ದೂ ಕಾರು ಕೊಟ್ಟ ಮಾಲೀಕರೂ ತಪ್ಪಿತಸ್ಥರೇ. ಗೆಳೆಯರ ಕಾರಾಗಲಿ, ಹೆಂಡತಿಯ ಹೆಸರಿನ ಕಾರಾಗಲಿ, ನಿಮ್ಮೊಂದಿಗೆ ಅವರೂ ಸಿಕ್ಕಿಬೀಳುತ್ತಾರೆ. ಅಪಘಾತವಾದರೆ ವಿಮಾ ಕಂಪನಿ ಎದುರಿನವರಿಗೆ ಪರಿಹಾರ ಕೊಟ್ಟು, ಬಳಿಕ ನಿಮ್ಮಿಂದ 5,000 ಯೂರೊವರೆಗೆ ವಸೂಲಿ ಮಾಡಬಹುದು. ವೀಸಾದ ಮೇಲೆ ಬದುಕು ಕಟ್ಟಿಕೊಳ್ಳುತ್ತಿರುವವರಿಗೆ ಇಂಥದ್ದೊಂದು ಪ್ರಕರಣ ಬೇಡವೇ ಬೇಡ.

ಇನ್ನು ಎರಡನೆಯ ಪ್ರಶ್ನೆ. ಪರೀಕ್ಷೆ ಕೊಡಲೇಬೇಕು, ಆದರೆ ಮೊದಲಿನಿಂದ ಕಲಿಯಬೇಕಾಗಿಲ್ಲ. ಜಪಾನ್, ದಕ್ಷಿಣ ಕೊರಿಯಾ, ಸ್ವಿಟ್ಜರ್ಲೆಂಡ್‌ನಂಥ ದೇಶಗಳವರು ತಮ್ಮ ಕಾರಿನ ಲೈಸೆನ್ಸನ್ನು ಪರೀಕ್ಷೆಯಿಲ್ಲದೆ ಬದಲಾಯಿಸಿಕೊಳ್ಳುತ್ತಾರೆ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಹಾಗಾಗಿ ನಾವು ಬರವಣಿಗೆಯ ಪರೀಕ್ಷೆ, ರಸ್ತೆಯ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಆದರೆ ಹೊಸಬರಿಗೆ ಕಡ್ಡಾಯವಾಗಿರುವ ತರಗತಿಗಳು, ಹೆದ್ದಾರಿಯಲ್ಲಿ, ರಾತ್ರಿಯಲ್ಲಿ ಇಂತಿಷ್ಟು ಪಾಠ ಎಂಬ ನಿಯಮ ನಮಗೆ ಅನ್ವಯಿಸುವುದಿಲ್ಲ. ಹಣ ಉಳಿಯುವುದೇ ಇಲ್ಲಿ. ಹೊಸದಾಗಿ ಲೈಸೆನ್ಸ್ ಮಾಡಿಸುವವರ ಖರ್ಚು ಎರಡು ಸಾವಿರ ಯೂರೊ ದಾಟುವುದು ಇಲ್ಲಿ ಮಾಮೂಲು. ಡ್ರೈವಿಂಗ್ ಶಾಲೆಯವರು ಇಡೀ ಪ್ಯಾಕೇಜನ್ನು ಮುಂದಿಟ್ಟರೆ, ‘ನನ್ನದು ವಿದೇಶಿ ಲೈಸೆನ್ಸ್ ಬದಲಾವಣೆ, ಕಡ್ಡಾಯ ಪಾಠಗಳಿಲ್ಲ’ ಎಂದು ಮೊದಲೇ ಸ್ಪಷ್ಟಪಡಿಸಿ. ಶಾಲೆಯನ್ನು ಪೂರ್ತಿ ಬಿಡುವಂತಿಲ್ಲ ಎಂಬುದೂ ನೆನಪಿರಲಿ. ರಸ್ತೆ ಪರೀಕ್ಷೆಗೆ ಬೋಧಕರ ಬದಿಯಲ್ಲೂ ಪೆಡಲ್ ಇರುವ ಕಾರು ಬೇಕು, ಬೋಧಕರೂ ಪಕ್ಕದಲ್ಲಿ ಕೂರಬೇಕು.

ಅರ್ಜಿ ಹಾಕುವುದು ನೀವಿರುವ ಊರಿನ ಲೈಸೆನ್ಸ್ ಕಚೇರಿಯಲ್ಲಿ. ಪಾಸ್‌ಪೋರ್ಟ್, ವಿಳಾಸ ನೋಂದಣಿಯ ಪತ್ರ, ಬಯೋಮೆಟ್ರಿಕ್ ಫೋಟೊ, ಕಣ್ಣಿನ ಪರೀಕ್ಷೆಯ ಚೀಟಿ, ಪ್ರಥಮ ಚಿಕಿತ್ಸೆ ತರಬೇತಿಯ ಪ್ರಮಾಣಪತ್ರ ಬೇಕು. ಕಣ್ಣಿನ ಪರೀಕ್ಷೆ ಕನ್ನಡಕದ ಅಂಗಡಿಯಲ್ಲೇ ಆಗುತ್ತದೆ. ಪ್ರಥಮ ಚಿಕಿತ್ಸೆಯ ತರಬೇತಿ ಒಂದು ದಿನದ್ದು. ಲೈಸೆನ್ಸಿನ ಮೂಲ ಕಾರ್ಡ್ ಮತ್ತು ಅದರ ಜರ್ಮನ್ ಅನುವಾದವನ್ನೂ ಕೊಡಬೇಕು. ಕಾರ್ಡ್ ಇಂಗ್ಲಿಷಿನಲ್ಲಿದ್ದರೂ ಅನುವಾದ ಕೇಳುತ್ತಾರೆ. ಎಡಿಎಸಿ ಎಂಬ ವಾಹನ ಸವಾರರ ಸಂಘ ಅಥವಾ ಪ್ರಮಾಣಿತ ಅನುವಾದಕರು ಅದನ್ನು ಮಾಡಿಕೊಡುತ್ತಾರೆ. ಡಿಜಿಲಾಕರ್‌ನಲ್ಲಿ ಇದೆ ಎಂದು ಮೊಬೈಲ್ ತೋರಿಸಿದರೆ ಸಾಲದು. ಕಾರ್ಡ್ ಊರಿನ ಬೀರುವಿನಲ್ಲಿ ಉಳಿದಿದ್ದರೆ ಇವತ್ತೇ ತರಿಸಿಕೊಳ್ಳುವ ಏರ್ಪಾಡು ಮಾಡಿ. ಅದರ ಮೇಲಿನ ಕೊನೆಯ ದಿನಾಂಕವನ್ನೂ ನೋಡಿ. 2019ರ ತಿದ್ದುಪಡಿಯ ನಂತರ ಮೂವತ್ತು ದಾಟಿದವರಿಗೆ ಭಾರತದಲ್ಲಿ ಸಾಮಾನ್ಯವಾಗಿ ಹತ್ತೇ ವರ್ಷದ ಅವಧಿ ಸಿಗುತ್ತದೆ. ಇನ್ನೂ ಹೊರಡದಿರುವವರು ನವೀಕರಣ ಹತ್ತಿರವಿದ್ದರೆ ಮುಗಿಸಿಕೊಂಡೇ ವಿಮಾನ ಹತ್ತಬೇಕು. ಜರ್ಮನಿಯಲ್ಲಿ ನೆಲೆಸಿದ ಮೇಲೆ ರಜೆಗೆ ಹೋದಾಗ ಊರಿನಲ್ಲಿ ಹೊಸ ಲೈಸೆನ್ಸ್ ಮಾಡಿಸಿಕೊಂಡು ಬರುವ ಉಪಾಯ ನಡೆಯುವುದಿಲ್ಲ. ಅದಕ್ಕೆ ಇಲ್ಲಿ ಮಾನ್ಯತೆಯೇ ಇಲ್ಲ.

ಬರವಣಿಗೆಯ ಪರೀಕ್ಷೆ ಕಂಪ್ಯೂಟರ್ ಮೇಲೆ ನಡೆಯುತ್ತದೆ. ಇಂಗ್ಲಿಷಿನಲ್ಲಿ ಬರೆಯಬಹುದು. ಭಾರತದ ಬೇರಾವ ಭಾಷೆಯೂ ಲಭ್ಯವಿಲ್ಲ. ಒಟ್ಟು 30 ಪ್ರಶ್ನೆ. ತಪ್ಪಿಗೆ ಎರಡರಿಂದ ಐದು ಅಂಕ. ಹತ್ತು ತಪ್ಪಂಕದವರೆಗೆ ಪಾಸು, ಆದರೆ ಐದಂಕದ ಎರಡು ಪ್ರಶ್ನೆ ತಪ್ಪಿದರೆ ಮೊತ್ತ ಹತ್ತೇ ಆದರೂ ಫೇಲು. ಐದಂಕದವು ಬಹುಮಟ್ಟಿಗೆ ಯಾರು ಮೊದಲು ಹೋಗಬೇಕು ಎಂಬಂಥ ಪ್ರಶ್ನೆಗಳು. ಕೆಲವು ಪ್ರಶ್ನೆಗಳಿಗೆ ಪುಟ್ಟ ವಿಡಿಯೊ ಇರುತ್ತದೆ. ಅದನ್ನು ಐದು ಸಲದವರೆಗೆ ನೋಡಬಹುದು. ಪ್ರಶ್ನೆ ತೆರೆದ ಮೇಲೆ ಮತ್ತೆ ನೋಡುವಂತಿಲ್ಲ. ಹಾಗಾಗಿ ಕನ್ನಡಿಯಲ್ಲಿ ಸೈಕಲ್ ಬರುತ್ತಿದೆಯೇ, ಫಲಕದಲ್ಲಿ ಏನಿದೆ ಎಂದು ಮೊದಲೇ ಗಮನಿಸಿಕೊಂಡಿರಬೇಕು. ಲೆಕ್ಕವೂ ಇದೆ. ವೇಗವನ್ನು ಹತ್ತರಿಂದ ಭಾಗಿಸಿ ಮೂರರಿಂದ ಗುಣಿಸಿದರೆ ಬ್ರೇಕ್ ಒತ್ತುವ ಮೊದಲೇ ಕಾರು ಸಾಗುವ ದೂರ ಸಿಗುತ್ತದೆ. ಭಾಗಿಸಿ ವರ್ಗ ಮಾಡಿದರೆ ಬ್ರೇಕ್ ಒತ್ತಿದ ಮೇಲಿನ ದೂರ. ಗಂಟೆಗೆ 50 ಕಿ.ಮೀ. ವೇಗದಲ್ಲಿ 15 ಮತ್ತು 25, ಒಟ್ಟು 40 ಮೀಟರ್. 100ಕ್ಕೆ ಅದು 130 ಮೀಟರ್ ಆಗುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಮೂರು ಪಟ್ಟಿಗೂ ಹೆಚ್ಚಾಗುತ್ತದೆ ಎಂಬುದನ್ನು ಈ ಲೆಕ್ಕ ಮನಸ್ಸಿನಲ್ಲಿ ಕೂರಿಸುತ್ತದೆ. ನಮ್ಮಲ್ಲೂ ಲೈಸೆನ್ಸ್ ಕೇಳುವ ಪ್ರತಿಯೊಬ್ಬರಿಂದ ಇದನ್ನು ಮಾಡಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಅನುಭವಸ್ಥರು ಎಡವುವುದು ರಸ್ತೆ ಪರೀಕ್ಷೆಯಲ್ಲಿ. ಬೆಂಗಳೂರಿನ ದಟ್ಟಣೆಯಲ್ಲಿ ವರ್ಷಗಟ್ಟಲೆ ಓಡಿಸಿದವರಿಗೆ ಕ್ಲಚ್, ಸ್ಟಿಯರಿಂಗ್ ಕಷ್ಟವಲ್ಲ. ಪರೀಕ್ಷಕರು ಹಿಂದಿನ ಸೀಟಿನಿಂದ ನೋಡುವುದು ನಿಮ್ಮ ತಲೆ ಯಾವ ಕಡೆ ತಿರುಗುತ್ತದೆ ಎಂಬುದನ್ನು. ಬಲಕ್ಕೆ ತಿರುಗುವ ಮುನ್ನ ಒಳಗಿನ ಕನ್ನಡಿ, ಬಲಗನ್ನಡಿ, ಆಮೇಲೆ ಕತ್ತು ತಿರುಗಿಸಿ ಭುಜದಾಚೆ ಒಂದು ನೋಟ. ಕನ್ನಡಿಗೆ ಕಾಣದ ಆ ಜಾಗದಲ್ಲಿ ನೇರ ಹೋಗುವ ಸೈಕಲ್ ಸವಾರರು ಇರುತ್ತಾರೆ, ಮೊದಲು ಹೋಗುವ ಹಕ್ಕು ಅವರದು. ಆ ನೋಟ ಪದೇ ಪದೇ ತಪ್ಪಿದರೆ ಉಳಿದದ್ದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದರೂ ಪ್ರಯೋಜನವಿಲ್ಲ. ಇನ್ನೊಂದು, ಫಲಕವಾಗಲಿ ಸಿಗ್ನಲ್ ಆಗಲಿ ಇಲ್ಲದ ಬಡಾವಣೆಯ ಕೂಡುರಸ್ತೆ. ಅಲ್ಲಿ ಬಲಗಡೆಯ ರಸ್ತೆಯಿಂದ ಬರುವ ವಾಹನಕ್ಕೇ ಮೊದಲ ಹಕ್ಕು, ನಿಮ್ಮ ರಸ್ತೆ ಎಷ್ಟೇ ಅಗಲವಾಗಿರಲಿ. ನಮ್ಮ ಊರಿನಲ್ಲಿ ದೊಡ್ಡ ವಾಹನ, ದೊಡ್ಡ ರಸ್ತೆ, ಮೊದಲು ಮೂತಿ ತೂರಿಸಿದವರು ಎಂದು ನಡೆಯುವ ಕಡೆ ಇಲ್ಲಿ ವೇಗ ಇಳಿಸಿ ಬಲಕ್ಕೆ ನೋಡಿದ್ದು ಪರೀಕ್ಷಕರಿಗೆ ಕಾಣಬೇಕು. ಹಾರ್ನ್ ಮಟ್ಟಿಗೆ ಒಂದೇ ಮಾತು: ಊರೊಳಗೆ ಅಪಾಯವಿದ್ದಾಗಲಷ್ಟೇ.

ಈ ಪರೀಕ್ಷೆ ಜರ್ಮನ್ ಭಾಷೆಯಲ್ಲೇ ನಡೆಯುತ್ತದೆ, ಎಲ್ಲ ಸೇರಿ ಸುಮಾರು 55 ನಿಮಿಷ. ಎಡಕ್ಕೆ, ಬಲಕ್ಕೆ, ಮುಂದಿನ ಕೂಡುರಸ್ತೆಯಲ್ಲಿ, ಸಾಧ್ಯವಾದ ಕಡೆ ನಿಲ್ಲಿಸಿ ಎಂಬಂಥ ಸೂಚನೆಗಳು ಕೇಳಿದ ಕೂಡಲೇ ತಿಳಿಯಬೇಕು. ಕಡ್ಡಾಯವಲ್ಲದಿದ್ದರೂ ಕೆಲವು ಪಾಠಗಳನ್ನು ತೆಗೆದುಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಪರೀಕ್ಷೆಯಲ್ಲಿ ಫೇಲಾಗಿ ಮತ್ತೆ ಶುಲ್ಕ ಕಟ್ಟುವುದಕ್ಕಿಂತ ಆ ಹಣ ಪಾಠಕ್ಕೆ ಹೋಗುವುದು ಮೇಲು. ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಡುವುದಾದರೆ, ಗೇರ್ ಕಾರು ಓಡಿಸುವ ಹಕ್ಕು ಉಳಿಯಲು ಏನು ಮಾಡಬೇಕೆಂದು ಶಾಲೆಯಲ್ಲಿ ಮೊದಲೇ ಕೇಳಿಕೊಳ್ಳಿ. ಬೈಕ್ ಲೈಸೆನ್ಸ್ ಇದ್ದವರು ಅದಕ್ಕೆ ಬೇರೆಯೇ ಪರೀಕ್ಷೆ ಕೊಡಬೇಕು.

ನಿಮ್ಮ ವಿಷಯಕ್ಕೆ ಬಂದರೆ, ಈ ತಿಂಗಳೊಳಗೆ ಎಲ್ಲವೂ ಮುಗಿಯುವುದಿಲ್ಲ. ಅರ್ಜಿ ಮಂಜೂರಾಗಲು ವಾರಗಳೇ ಹಿಡಿಯುತ್ತವೆ. ಆರು ತಿಂಗಳಾದ ಮೇಲೂ ಅರ್ಜಿ ಹಾಕಬಹುದು, ನಿಮ್ಮ ಅನುಭವದ ಲಾಭವೂ ಕೈತಪ್ಪುವುದಿಲ್ಲ. ತಪ್ಪುವುದು ಓಡಿಸುವ ಹಕ್ಕು ಮಾತ್ರ. ಆ ದಿನದಿಂದ ಹೊಸ ಲೈಸೆನ್ಸ್ ಬರುವವರೆಗೆ ರೈಲು, ಬಸ್ಸುಗಳಲ್ಲೇ ಓಡಾಡಿ. ಈಗಷ್ಟೇ ಬಂದಿಳಿದ ಗೆಳೆಯರಿದ್ದರೆ ಮೊದಲ ತಿಂಗಳಲ್ಲೇ ಅರ್ಜಿ ಹಾಕಿಸಿ.

ಕೊನೆಯದಾಗಿ, ಜರ್ಮನ್ ಲೈಸೆನ್ಸ್ ಕೈಗೆ ಸಿಗುವಾಗ ಭಾರತದ ಕಾರ್ಡನ್ನು ಒಪ್ಪಿಸಬೇಕಾಗುತ್ತದೆ. ಅದಕ್ಕೆ ಮೊದಲು ಎರಡೂ ಬದಿಯ ಪ್ರತಿ ತೆಗೆದಿಟ್ಟುಕೊಳ್ಳಿ. ಊರಿಗೆ ಮರಳುವ ಯೋಚನೆ ಇದ್ದರೆ ಕಾರ್ಡ್ ವಾಪಸ್ ಪಡೆಯುವ ಕ್ರಮವನ್ನು ಒಪ್ಪಿಸುವಾಗಲೇ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.